ಆಷಾಢದ ಗಾಳಿ, ಹಗರಿಯ ಮರಳು

ಆರಿದ್ರಾ ಮಳೆ ಹಿಡಿಯಿತೆಂದರೆ ಆಗುಂಬೆಯಲ್ಲಿ ಸೂರಂಚಿನ ನೀರು ನಿಲ್ಲುವುದಿಲ್ಲ. ನೇರ ಗೆರೆ ಎಳೆದರೆ ಅಲ್ಲಿಂದ ಸುಮಾರು 230 ಕಿ.ಮೀ. ದೂರದ ರಾಯದುರ್ಗ ಸೀಮೆಯಲ್ಲಿ ಅದೇ ವಾರ ಮೋಡ ಓಡುತ್ತದೆ, ಗಾಳಿ ಬೀಸುತ್ತದೆ; ಮಳೆಯದೇ ಸುಳಿವಿಲ್ಲ. ಬೊಮ್ಮನಹಾಳ ಮಂಡಲದ ದರ್ಗಾ ಹೊನ್ನೂರಿನಲ್ಲಿ ಆ ಗಾಳಿ ಹಗರಿಯ ಒಣ ಪಾತ್ರದ ಮರಳನ್ನೆತ್ತಿ ಹೊಲಗಳಿಗೆ ಸುರಿಯುತ್ತದೆ. ಅಲ್ಲಿನ ಮರಳು ದಿಬ್ಬಗಳನ್ನು ಕಂಡವರಿಗೆ ರಾಜಸ್ಥಾನ ನೆನಪಾಗುತ್ತದೆ.

ಎರಡೂ ಕಡೆ ಬೀಸುವುದು ಒಂದೇ ಮುಂಗಾರು ಗಾಳಿ. ಅರಬ್ಬೀ ಸಮುದ್ರದ ತೇವ ಹೊತ್ತು ಬರುವ ಅದಕ್ಕೆ ಸುಮಾರು 1,600 ಕಿ.ಮೀ. ಉದ್ದದ ಸಹ್ಯಾದ್ರಿ ಅಡ್ಡ ನಿಂತಿದೆ. ಘಟ್ಟ ಹತ್ತುತ್ತ ತಣಿದು ಮಳೆಯಾಗುವ ಗಾಳಿ, ಪೂರ್ವಕ್ಕೆ ಇಳಿಯುತ್ತ ಕಾದು ಒಣಗುತ್ತದೆ. ಆಗುಂಬೆಯ ವರ್ಷದ ಮಳೆ 7,000 ಮಿ.ಮೀ. ದಾಟಿದರೆ ಅನಂತಪುರಕ್ಕೆ ಸಿಗುವುದು ಸುಮಾರು 550. ಬಂಗಾಳ ಕೊಲ್ಲಿಯ ಹಿಂಗಾರೂ ಇಷ್ಟು ಒಳನಾಡು ಮುಟ್ಟುವಷ್ಟರಲ್ಲಿ ಸೊರಗಿರುತ್ತದೆ. ಶೇಂಗಾ ಬಿತ್ತಿದವರು ಉತ್ತರೆ, ಹಸ್ತದವರೆಗೂ ಮುಗಿಲು ನೋಡಬೇಕು.

ಆದರೆ ಮಳೆ ತಡೆದ ಬೆಟ್ಟವೇ ಹೊಳೆಯನ್ನೂ ಕಳಿಸುತ್ತದೆ. ಹಗರಿಯೆಂದರೆ ವೇದಾವತಿ, ಬಾಬಾಬುಡನ್‌ಗಿರಿ ಸೀಮೆಯ ವೇದಾ, ಅವತಿ ಕೂಡಿ ಆದದ್ದು. ಹುಟ್ಟು ಮಲೆನಾಡಿನ ಅಂಚಿನಲ್ಲಾದರೂ ಅದರ ಬಾಳೆಲ್ಲ ಬಯಲುಸೀಮೆಯಲ್ಲೇ. ಹಿರಿಯೂರಿನ ಬಳಿ ಅದನ್ನು ಹಿಡಿದಿಟ್ಟಿರುವುದು 1907ರಲ್ಲಿ ಮುಗಿದ ಮಾರಿಕಣಿವೆ ಅಣೆಕಟ್ಟು. 1933ರಲ್ಲಿ ಕೋಡಿ ಬಿದ್ದ ಆ ಜಲಾಶಯ ಮತ್ತೆ ಕೋಡಿ ಬಿದ್ದದ್ದು 89 ವರ್ಷಗಳ ನಂತರ, 2022ರಲ್ಲಿ. ಅದರ ಕೆಳಗೆ, ರಾಯದುರ್ಗದ ಪಾಲಿಗಿರುವ ಭೈರವಾನಿ ತಿಪ್ಪ ಜಲಾಶಯಕ್ಕೆ ಎಷ್ಟು ಉಳಿದೀತು? ಮರಳೇ ಉತ್ತರ.

ಗಂಗಾಮೂಲದಲ್ಲಿ ಹುಟ್ಟುವ ತುಂಗೆ, ಭದ್ರೆಯರದು ಬೇರೆ ಕತೆ. ಅವು ತುಂಬುವ ಹೊಸಪೇಟೆಯ ಅಣೆಕಟ್ಟಿನಿಂದ ಮೇಲ್ಮಟ್ಟದ ಕಾಲುವೆ ಹೊರಟು ಬೊಮ್ಮನಹಾಳ, ಕಣೇಕಲ್ಲಿನ ಗದ್ದೆಗಳಿಗೆ ಬರುತ್ತದೆ. ಒಂದೇ ಮಂಡಲದಲ್ಲಿ ಭತ್ತವೂ ಉಂಟು, ಮರಳು ದಿಬ್ಬವೂ ಉಂಟು. ನೊಳಂಬರ ಹೆಂಜೇರು, ಅಂದರೆ ಇಂದಿನ ಹೇಮಾವತಿ, ಇರುವ ಮಡಕಶಿರಾ ಸೀಮೆಗಾದರೋ ಹಂದ್ರಿ–ನೀವಾ ಯೋಜನೆಯ ಕಾಲುವೆ. ಶ್ರೀಶೈಲದ ಹಿನ್ನೀರಿನಿಂದ ಮೆಟ್ಟಿಲು ಮೆಟ್ಟಿಲಾಗಿ ಎತ್ತಿ ತರುವುದು ಕೃಷ್ಣೆಯ ನೀರನ್ನು. ಆ ಕೃಷ್ಣೆಯ ತವರು ಮಹಾಬಲೇಶ್ವರ, ಅದೂ ಸಹ್ಯಾದ್ರಿಯೇ.

ಬಳ್ಳಾರಿ ಜಿಲ್ಲೆಯಲ್ಲಿದ್ದ ರಾಯದುರ್ಗ 1953ರಲ್ಲಿ ಅನಂತಪುರಕ್ಕೆ ಸೇರಿತು. ಮೂರು ಕಡೆ ಕರ್ನಾಟಕವೇ ಸುತ್ತಿರುವ ಮಡಕಶಿರಾ 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ. ಗಡಿಗೆರೆಗಳು ಅತ್ತಿತ್ತ ಸರಿದವು. ನೀರಿನ ನಂಟು ಸರಿಯಲಿಲ್ಲ. ಕಣೇಕಲ್ಲಿನ ಚಹಾ ಅಂಗಡಿಯಲ್ಲಿ ಆಷಾಢದ ಬೆಳಿಗ್ಗೆ ‘ಡ್ಯಾಮಿಗೆ ಎಷ್ಟು ಬಂತಂತೆ?’ ಎಂದು ಕೇಳುವವರು ವಿಚಾರಿಸುತ್ತಿರುವುದು ಶೃಂಗೇರಿ, ತೀರ್ಥಹಳ್ಳಿಯ ಮಳೆಯನ್ನೇ.