ಮಾವನ ಕಾಯಿಲೆ ಅಳಿಯನಿಗೆ

1884ರ ಮಾರ್ಚ್‌ನಲ್ಲಿ ಫ್ರಾನ್ಸಿನ ಕಾನ್ ಪಟ್ಟಣದಲ್ಲಿ ವಿಕ್ಟೋರಿಯಾ ರಾಣಿಯ ಕಿರಿಮಗ ಲಿಯೋಪೋಲ್ಡ್ ಕಾಲುಜಾರಿ ಬಿದ್ದ. ಮಾರನೆಯ ದಿನ ತೀರಿಕೊಂಡ, ವಯಸ್ಸು ಮೂವತ್ತು. ಅದಕ್ಕೂ 11 ವರ್ಷ ಮೊದಲು ಅವನಕ್ಕ ಆಲಿಸಳ ಎರಡೂವರೆ ವರ್ಷದ ಮಗ ಫ್ರೆಡ್ರಿಕ್ ಕಿಟಕಿಯಿಂದ ಬಿದ್ದು, ತಲೆಯೊಳಗೆ ರಕ್ತಸ್ರಾವವಾಗಿ ಹೋಗಿಬಿಟ್ಟಿದ್ದ. ಆ ಮಗುವಿನ ತಂಗಿ ಅಲಿಕ್ಸ್ ರಷ್ಯಾದ ದೊರೆಯ ಕೈಹಿಡಿದಳು. 1904ರಲ್ಲಿ ಹುಟ್ಟಿದ ಅವಳ ಒಬ್ಬನೇ ಮಗ ಅಲೆಕ್ಸಿಗೆ ಕೆಲವೇ ವಾರಗಳಲ್ಲಿ ಹೊಕ್ಕುಳಿಂದ ರಕ್ತ ಒಸರತೊಡಗಿತು.

ಇಂಗ್ಲಿಷಿನಲ್ಲಾದರೆ ಇವರೆಲ್ಲ ಬರೀ ಅಂಕಲ್, ನೆಫ್ಯೂ. ಕನ್ನಡದಲ್ಲಿ ನಂಟು ಹೇಳಿದರೆ ರೋಗದ ದಾರಿಯೇ ಕಾಣುತ್ತದೆ: ಲಿಯೋಪೋಲ್ಡ್ ಫ್ರೆಡ್ರಿಕ್‌ಗೆ ಸೋದರಮಾವ, ಫ್ರೆಡ್ರಿಕ್ ಅಲೆಕ್ಸಿಗೆ ಸೋದರಮಾವ. ದಾಟಿಸಿದವಳು ಮಾತ್ರ ನಡುವೆ ನಿಂತ ಹೆಣ್ಣು. ಒಬ್ಬನಿಗೆ ಒಡಹುಟ್ಟಿದವಳು, ಇನ್ನೊಬ್ಬನಿಗೆ ಹೆತ್ತವಳು.

ಮೂವರಿಗೂ ಇದ್ದದ್ದು ಕುಸುಮರೋಗ, ಅಂದರೆ ಹಿಮೋಫಿಲಿಯಾ. ಅದು ರಕ್ತ ಹೆಪ್ಪುಗಟ್ಟಿಸುವ ಒಂದು ಪ್ರೋಟೀನಿನ ಕೊರತೆ. ಅದರ ಜೀನ್ ಇರುವುದು ಎಕ್ಸ್ ವರ್ಣತಂತುವಿನಲ್ಲಿ. ಹೆಣ್ಣಿಗೆ ಎಕ್ಸ್ ಎರಡು. ಒಂದು ಕೆಟ್ಟರೆ ಇನ್ನೊಂದು ಹೆಚ್ಚುಕಮ್ಮಿ ಸಂಭಾಳಿಸುತ್ತದೆ. ಇಂಥವಳೇ ವಾಹಕಿ. (ವಾಹಕಿಯರಲ್ಲೂ ಕೆಲವರಿಗೆ ಮುಟ್ಟಿನಲ್ಲಿ ಅತಿಸ್ರಾವ ಇರುತ್ತದೆ, ಯಾರೂ ಕೇಳುವುದಿಲ್ಲ.) ಗಂಡಿಗೆ ಇರುವುದೊಂದೇ, ಅದೂ ತಾಯಿ ಕೊಟ್ಟದ್ದು. ವಾಹಕಿಯ ಪ್ರತಿ ಮಗನಿಗೂ ರೋಗದ ಸಾಧ್ಯತೆ ಅರ್ಧಕ್ಕರ್ಧ. ಅಣ್ಣನಿಗೆ ಬಂತೆಂದು ತಮ್ಮನಿಗೆ ವಿನಾಯಿತಿಯಿಲ್ಲ. ರೋಗವಿರುವ ತಂದೆ ಅದನ್ನು ಗಂಡುಮಕ್ಕಳಿಗೆ ಕೊಡಲಾರ, ಹೆಣ್ಣುಮಕ್ಕಳೆಲ್ಲ ವಾಹಕಿಯರಾಗುತ್ತಾರೆ. ಲಿಯೋಪೋಲ್ಡನ ಮಗಳ ಮಗ ರೂಪರ್ಟ್‌ಗೂ ಹೀಗೇ ಬಂತು. 1928ರಲ್ಲಿ ಕಾರು ಅಪಘಾತದ ಬಳಿಕ ಅವನು ಉಳಿಯಲಿಲ್ಲ. ವಿಕ್ಟೋರಿಯಾಳ ಹಿರಿಮಗ ಎಡ್ವರ್ಡ್‌ಗೆ ಒಳ್ಳೆಯ ಎಕ್ಸ್ ಸಿಕ್ಕಿತು, ಹಾಗಾಗಿ ಬ್ರಿಟನ್ನಿನ ಸಿಂಹಾಸನದ ಕವಲು ಪಾರಾಯಿತು. ಅಲೆಕ್ಸಿಯದು ಒಂಬತ್ತನೇ ಫ್ಯಾಕ್ಟರ್ ಎಂಬ ಪ್ರೋಟೀನಿನ ಕೊರತೆ ಎಂದು 2009ರಲ್ಲಿ ಮೂಳೆಯ ಡಿಎನ್‌ಎ ಹೇಳಿತು.

ನಮ್ಮಲ್ಲಿ ಅಕ್ಕನ ಮಗಳನ್ನು ತಂದುಕೊಳ್ಳುವ ರೂಢಿಯಿದೆಯಲ್ಲ, ಅಲ್ಲಿ ಲೆಕ್ಕ ಇನ್ನೂ ಬಿಗಿಯಾಗುತ್ತದೆ. ಮಾವನಿಗೆ ಕುಸುಮರೋಗವಿದ್ದು, ಕೈಹಿಡಿದ ಅಕ್ಕನ ಮಗಳೂ ವಾಹಕಿಯಾದರೆ, ಹುಟ್ಟುವ ಹೆಣ್ಣುಮಗುವಿಗೂ ರೋಗ ಬರುವ ಸಾಧ್ಯತೆ ಅರ್ಧದಷ್ಟು.

ಹಾಗೆಂದು ಸೊಸೆಯ ತವರನ್ನು ದೂರುವುದು ಅನ್ಯಾಯ. ಸುಮಾರು ಮೂರರಲ್ಲೊಂದು ಪ್ರಕರಣದಲ್ಲಿ ಮನೆತನದಲ್ಲಿ ಹಿಂದೆ ಯಾರಿಗೂ ರೋಗವಿರುವುದಿಲ್ಲ. ವಿಕ್ಟೋರಿಯಾಳ ಹಿರೀಕರಲ್ಲೂ ಅದರ ಸುಳಿವಿಲ್ಲ.

ಮಗುವಿನ ಮೊಣಕಾಲು ಕಾರಣವಿಲ್ಲದೆ ಊದುತ್ತಿದ್ದರೆ, ತಾಯಿಯ ಅಣ್ಣತಮ್ಮಂದಿರಲ್ಲಿ ಯಾರಿಗಾದರೂ ಗಾಯದ ರಕ್ತ ನಿಲ್ಲದೆ ಹೋಗಿತ್ತೇ ಎಂದು ಅಜ್ಜಿಯನ್ನು ಕೇಳಿ. ಹೌದೆಂದರೆ, ಹಲ್ಲು ಕೀಳಿಸುವ ಮೊದಲು ಆ ಮಾತನ್ನು ವೈದ್ಯರ ಕಿವಿಗೆ ಹಾಕಿ.