ಮನೆಸಾಲಕ್ಕೂ ಒಂದು ಪಂದ್ಯ!

ಮೈಸೂರಿನ ದೇವರಾಜ ಮಾರುಕಟ್ಟೆಯ ಹೂವಿನ ಸಾಲನ್ನು ಹಾದು ಬರದ ಗೃಹಿಣಿ ವಿರಳ. ಮೊಳದ ಲೆಕ್ಕದಲ್ಲಿ ಮಲ್ಲಿಗೆ, ಮಾರಿನ ಲೆಕ್ಕದಲ್ಲಿ ಸೇವಂತಿಗೆ ದಿನವಿಡೀ ಕೈಬದಲಾಗುತ್ತಲೇ ಇರುತ್ತವೆ. ಆದರೆ ಈ ವ್ಯಾಪಾರದ ಜಮಾಖರ್ಚು ಯಾವ ಪುಸ್ತಕದಲ್ಲಿಯೂ ಇರುವುದಿಲ್ಲ. ಅದು ಹೂವಾಡಗಿತ್ತಿಯ ನಾಲಗೆಯ ತುದಿಯಲ್ಲಿರುತ್ತದೆ. ಅಂಥವಳೊಬ್ಬಳನ್ನು ವಾಚಕರು ಕಲ್ಪಿಸಿಕೊಳ್ಳಲಿ. ಇಪ್ಪತ್ತು ವರ್ಷ ಒಂದೇ ವಠಾರದಲ್ಲಿದ್ದು, ತಿಂಗಳ ಐದನೆಯ ತಾರೀಖು ದಾಟದಂತೆ ಬಾಡಿಗೆ ಎಣಿಸಿ ಕೊಟ್ಟವಳು. ಈಗ ಇಪ್ಪತ್ತು-ಮೂವತ್ತರ ಒಂದು ನಿವೇಶನದಲ್ಲಿ ಎರಡು ಕೋಣೆ ಎಬ್ಬಿಸುವ ಆಸೆಯಿಂದ ಬ್ಯಾಂಕಿನ ಮೆಟ್ಟಿಲು ಹತ್ತಿದ್ದಾಳೆ.

"ಸಂಬಳದ ಚೀಟಿ ತಂದಿದ್ದೀರೇನಮ್ಮ?"

"ನಮಗೆಲ್ಲಿಯ ಸಂಬಳ ಸಾರ್? ದಿನಾ ಹೂವು ಮಾರಿದ್ದೇ ಸಂಬಳ."

ಆದಾಯ ತೆರಿಗೆಯ ಕಾಗದವಿಲ್ಲ. ಬಾಡಿಗೆಯ ರಸೀತಿಯಾದರೂ ಉಂಟೇ ಎಂದರೆ, ವಠಾರದಲ್ಲಿ ರಸೀತಿ ಕೊಡುವ ಪದ್ಧತಿಯೇ ಇರಲಿಲ್ಲ. ಇನ್ನೂರ ನಲವತ್ತು ತಿಂಗಳು ತಪ್ಪದೆ ಹಣ ಕಟ್ಟಿದ ಆ ಶಿಸ್ತು, ಬ್ಯಾಂಕಿನ ಕಣ್ಣಿಗೆ ನಡೆದೇ ಇಲ್ಲ.

ಸರಸ್ವತಿಪುರದ ಉಪಾಧ್ಯಾಯರೊಬ್ಬರ ಕಷ್ಟ ಬೇರೆ ಬಗೆಯದು. ಅವರಿಗೆ ಸಂಬಳದ ಚೀಟಿ ಉಂಟು. ಅದರ ಜೊತೆಗೆ ಕ್ರಯಪತ್ರ, ಅದರ ಹಿಂದಿನ ಮೂಲಪತ್ರ, ಖಾತಾ, ಕಂದಾಯದ ರಸೀತಿ, ಮಂಜೂರಾದ ನಕ್ಷೆ, ವರ್ಷಗಟ್ಟಲೆಯ ಋಣಭಾರ ಪತ್ರ, ಆಸ್ತಿ ಪಿತ್ರಾರ್ಜಿತವಾಗಿದ್ದರೆ ವಂಶವೃಕ್ಷ, ಇವೆಲ್ಲದರ ಮೇಲೆ ವಕೀಲರ ಅಭಿಪ್ರಾಯ! 'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂದ ಹಿರಿಯರು ಋಣಭಾರ ಪತ್ರವನ್ನು ಕಂಡವರಲ್ಲ. ಕಂಡಿದ್ದರೆ ಗಾದೆ ಇನ್ನಷ್ಟು ಉದ್ದವಾಗುತ್ತಿತ್ತು.

ಈ ಕಾಗದದ ರಾಶಿಗೆ ಮೈಸೂರಿನ ಇತಿಹಾಸವೂ ತನ್ನ ಪಾಲನ್ನು ಸೇರಿಸಿದೆ. 1898ರಲ್ಲಿ ಪ್ಲೇಗು ಬಂದೆರಗಿ ಇಕ್ಕಟ್ಟಿನ ಕೇರಿಗಳು ತತ್ತರಿಸಿದ ಮೇಲೆ, 1903ರಲ್ಲಿ ನಗರಾಭಿವೃದ್ಧಿ ಟ್ರಸ್ಟ್ ಮಂಡಲಿ ಸ್ಥಾಪಿತವಾಯಿತು. ಗಾಳಿ ಬೆಳಕಿನ ಬಡಾವಣೆಗಳು ಹುಟ್ಟಿದುವು. 1988ರಲ್ಲಿ ಅದರ ಸ್ಥಾನಕ್ಕೆ ನಗರಾಭಿವೃದ್ಧಿ ಪ್ರಾಧಿಕಾರ ಬಂದಿತು. ನಡುವೆ ಗೃಹನಿರ್ಮಾಣ ಸಹಕಾರ ಸಂಘಗಳ ಬಡಾವಣೆಗಳು, ಊರಂಚಿನಲ್ಲಿ ರೆವಿನ್ಯೂ ನಿವೇಶನಗಳು. ಒಂದೊಂದಕ್ಕೂ ಒಂದೊಂದು ಬಗೆಯ ಪತ್ರ, ಒಂದೊಂದು ಕಚೇರಿಯ ಮೊಹರು. ಸಾಲ ಕೊಡುವವನು ಇವನ್ನೆಲ್ಲ ತಾಳೆ ನೋಡಿ ಮುಗಿಸುವ ಹೊತ್ತಿಗೆ ಸಿಮೆಂಟಿನ ಬೆಲೆ ಏರಿರುತ್ತದೆ.

ಸಾಕ್ಷ್ಯವಿಲ್ಲದವಳ ಕಷ್ಟ ಒಂದು, ಸಾಕ್ಷ್ಯ ಹೊತ್ತು ಬಳಲಿದವರ ಕಷ್ಟ ಇನ್ನೊಂದು. ಇವೆರಡನ್ನೂ ಯಂತ್ರದಿಂದ ನೀಗಿಸಬಹುದೇ ಎಂದು ತಿಳಿಯಲು ಈಚಿನ ವರ್ಷಗಳಲ್ಲಿ ಒಂದು ಹೊಸ ಉಪಾಯ ಬಳಕೆಗೆ ಬಂದಿದೆ. ಬ್ಯಾಂಕುಗಳ ಮೇಲೆ ಕಣ್ಣಿಟ್ಟು ಕಾಯುವ ಸರ್ಕಾರಿ ನಿಯಂತ್ರಣ ಸಂಸ್ಥೆಗಳೇ ಬುದ್ಧಿವಂತರನ್ನು ಕರೆದು ಪಂದ್ಯ ಹೂಡುವುದು ಆ ಉಪಾಯ.

ಸರ್ಕಾರಗಳು ಪಂಥ ಒಡ್ಡುವುದೇನೂ ಇಂದಿನ ಮಾತಲ್ಲ. ಸಮುದ್ರದ ನಡುವೆ ಹಡಗು ಯಾವ ರೇಖಾಂಶದಲ್ಲಿದೆಯೆಂದು ಕಂಡುಹಿಡಿಯುವ ಮಾರ್ಗ ತೋರಿಸಿದವರಿಗೆ 20,000 ಪೌಂಡುಗಳವರೆಗೆ ಬಹುಮಾನವೆಂದು ಬ್ರಿಟಿಷ್ ಪಾರ್ಲಿಮೆಂಟು 1714ರಲ್ಲಿಯೇ ಸಾರಿತ್ತು. ಉತ್ತರ ತಂದವನು ದೊಡ್ಡ ಖಗೋಳ ಪಂಡಿತನಲ್ಲ. ಮರಗೆಲಸದಿಂದ ಗಡಿಯಾರದ ಕೆಲಸಕ್ಕೆ ಬಂದ ಜಾನ್ ಹ್ಯಾರಿಸನ್. ಪಾಪ, ಆತನಿಗೆ ಹಣದ ಕೊನೆಯ ಕಂತು ಕೈಸೇರಿದ್ದು 1773ರಲ್ಲಿ, ಮುಪ್ಪಿನಲ್ಲಿ.

ಹಣಕಾಸಿನ ಕ್ಷೇತ್ರದಲ್ಲಿ ಈ ಪದ್ಧತಿಗೆ 'ಟೆಕ್‌ಸ್ಪ್ರಿಂಟ್' ಎಂದು ಹೆಸರಿಟ್ಟು 2016ರಿಂದ ನಡೆಸಿಕೊಂಡು ಬಂದದ್ದು ಬ್ರಿಟನ್ನಿನ ಹಣಕಾಸು ನಡವಳಿಕೆ ಪ್ರಾಧಿಕಾರ. ಗೃಹಸಾಲವನ್ನೇ ವಿಷಯವಾಗಿಟ್ಟು ಪಂದ್ಯ ಹೂಡಿದ್ದು ಅಮೆರಿಕದ ಫೆಡರಲ್ ಗೃಹಸಾಲ ನಿಯಂತ್ರಣ ಸಂಸ್ಥೆ. 2022ರಲ್ಲಿ ಅದು ತಂತ್ರಜ್ಞಾನಕ್ಕೆಂದೇ ಒಂದು ವಿಭಾಗವನ್ನು ತೆರೆಯಿತು. 2023ರ ಜುಲೈನಲ್ಲಿ ವಾಷಿಂಗ್ಟನ್ನಿನಲ್ಲಿ ಮೊದಲ ಪಂದ್ಯ, ಮರುವರ್ಷದ ಜುಲೈನಲ್ಲಿ ಎರಡನೆಯದು. ಮೊದಲನೆಯದು ಮನೆಸಾಲದ ವ್ಯವಹಾರಕ್ಕೆ ವೇಗ ತರುವುದನ್ನು ಕುರಿತದ್ದು. ಎರಡನೆಯದು ತಾನೇ ಬರೆಯಬಲ್ಲ, ಉತ್ತರಿಸಬಲ್ಲ ಕೃತಕ ಬುದ್ಧಿಮತ್ತೆಯನ್ನು ಈ ವ್ಯವಹಾರದಲ್ಲಿ ಹೊಣೆಯರಿತು ಬಳಸುವುದನ್ನು ಕುರಿತದ್ದು.

ಪಂದ್ಯದ ರೀತಿ ಸರಳ. ಸಾಲ ಕೊಡುವವರು, ಗಣಕಯಂತ್ರದ ತಜ್ಞರು, ಗ್ರಾಹಕರ ಪರ ಮಾತನಾಡುವವರು, ವಿಶ್ವವಿದ್ಯಾಲಯದವರು ಹೀಗೆ ಬೇರೆ ಬೇರೆ ಕಡೆಯವರನ್ನು ತಂಡಗಳಾಗಿ ಕೂರಿಸುತ್ತಾರೆ. ಸಮಸ್ಯೆಯನ್ನು ಮುಂದಿಡುತ್ತಾರೆ. ಕೆಲವೇ ದಿನಗಳಲ್ಲಿ ತಂಡ ಒಂದು ಮಾದರಿಯನ್ನು ತಯಾರಿಸಿ, ಕಡೆಯ ದಿನ ತೀರ್ಪುಗಾರರ ಮುಂದೆ ಓಡಿಸಿ ತೋರಿಸಬೇಕು. ಗೆದ್ದ ಯಂತ್ರವನ್ನು ಸರ್ಕಾರ ಕೊಂಡು ಊರೂರಿಗೆ ಹಂಚುತ್ತದೆಂದು ಭಾವಿಸಬಾರದು. ನಿಯಂತ್ರಕರಿಗೆ ದೊರಕುವ ನಿಜವಾದ ಲಾಭ ತಿಳಿವಳಿಕೆ. ನಾಳೆ ತಾವು ನಿಯಮ ಬರೆಯಬೇಕಾದ ವಸ್ತುವನ್ನು ಇಂದೇ ಬಿಚ್ಚಿ ನೋಡಲು ಸಿಕ್ಕುವ ಅವಕಾಶ ಅದು.

ಈ ಅಮೆರಿಕದ ಸಂಸ್ಥೆಯ ಜನ್ಮವೃತ್ತಾಂತವನ್ನು ಬಲ್ಲವರಿಗೆ ಇದರ ಮಹತ್ವ ಹೊಳೆಯುತ್ತದೆ. ಅದು ಹುಟ್ಟಿದ್ದು 2008ರ ಜುಲೈನಲ್ಲಿ, ಮನೆಸಾಲದ ಮಹಾಪತನದ ನಡುವೆ. ಅದಕ್ಕೆ ಮುಂಚಿನ ವರ್ಷಗಳಲ್ಲಿ ಅಲ್ಲಿ ಆದಾಯದ ಕಾಗದವನ್ನೇ ಕೇಳದೆ ಹಂಚಿದ ಸಾಲಗಳಿಗೆ 'ಸುಳ್ಳುಗಾರರ ಸಾಲ' ಎಂಬ ಅಡ್ಡಹೆಸರೇ ಬಿದ್ದಿತ್ತು. ಸಾಲಗಳು ಮುಳುಗಿದುವು, ಲಕ್ಷಾಂತರ ಸಂಸಾರಗಳು ಮನೆ ಕಳೆದುಕೊಂಡುವು. ಬ್ಯಾಂಕುಗಳಿಂದ ಗೃಹಸಾಲಗಳನ್ನು ಕೊಳ್ಳುವ ಫ್ಯಾನಿ ಮೇ, ಫ್ರೆಡ್ಡಿ ಮ್ಯಾಕ್ ಎಂಬ ಎರಡು ದೈತ್ಯ ಸಂಸ್ಥೆಗಳನ್ನು ಈ ನಿಯಂತ್ರಕವೇ ಆ ವರ್ಷದ ಸೆಪ್ಟೆಂಬರಿನಲ್ಲಿ ತನ್ನ ವಶಕ್ಕೆ ತೆಗೆದುಕೊಳ್ಳಬೇಕಾಯಿತು. ಸಂಬಳದ ಚೀಟಿ ಕೇಳುವ ಗುಮಾಸ್ತೆಯನ್ನು ಬೈಯುವ ಮುಂಚೆ ಇದನ್ನೊಮ್ಮೆ ನೆನೆಯುವುದು ಒಳ್ಳೆಯದು. ಕಾಗದ ಬೇಡವೆನ್ನುವುದು ಪರಿಹಾರವಲ್ಲ. ಕಾಗದ ಹೇಳಲಾರದ ಸತ್ಯವನ್ನು ಬೇರೆ ದಾರಿಯಿಂದ ತಿಳಿಯಬೇಕು, ಅಷ್ಟೆ. 2021ರ ಸೆಪ್ಟೆಂಬರಿನಿಂದ ಫ್ಯಾನಿ ಮೇ ಸಂಸ್ಥೆ ಅರ್ಜಿದಾರನು ಕಾಲಕಾಲಕ್ಕೆ ಕಟ್ಟಿದ ಮನೆಬಾಡಿಗೆಯನ್ನು, ಆತನ ಒಪ್ಪಿಗೆ ಪಡೆದು ಬ್ಯಾಂಕ್ ಖಾತೆಯಿಂದ ಗುರುತಿಸಿ, ಸಾಲದ ಅರ್ಹತೆಗೆ ಪರಿಗಣಿಸತೊಡಗಿತು. ನಮ್ಮ ಹೂವಾಡಗಿತ್ತಿ ಕೇಳಿದರೆ ಬೆರಗಾಗಬಹುದಾದ ಸುದ್ದಿ!

ಭಾರತದಲ್ಲಿ ಗೃಹಸಾಲ ಸಂಸ್ಥೆಗಳ ಮೇಲ್ವಿಚಾರಣೆಗೆ 1988ರಲ್ಲಿ ರಾಷ್ಟ್ರೀಯ ವಸತಿ ಬ್ಯಾಂಕು ಹುಟ್ಟಿತು. 2019ರ ಆಗಸ್ಟಿನಲ್ಲಿ ಅವುಗಳ ನಿಯಂತ್ರಣ ರಿಸರ್ವ್ ಬ್ಯಾಂಕಿಗೆ ವರ್ಗವಾಯಿತು. ಅದೇ ತಿಂಗಳು ರಿಸರ್ವ್ ಬ್ಯಾಂಕು 'ಸ್ಯಾಂಡ್‌ಬಾಕ್ಸ್' ಎಂಬ ಪ್ರಯೋಗಾಂಗಣದ ಕಟ್ಟಳೆಗಳನ್ನು ಹೊರಡಿಸಿತು. ಮಕ್ಕಳು ಪಾದದ ಮೇಲೆ ಮರಳೊತ್ತಿ ಗುಬ್ಬಿಗೂಡು ಕಟ್ಟುವಂತೆ, ಹೊಸ ತಂತ್ರವನ್ನು ಕೆಲವೇ ಗ್ರಾಹಕರ ನಡುವೆ, ಕಾವಲಿನಲ್ಲಿ, ಕಟ್ಟಿ ನೋಡುವ ಜಾಗ ಅದು. ಕುಸಿದರೆ ಮರಳು ಕುಸಿಯುತ್ತದೆ, ಮನೆಯಲ್ಲ. 2021ರ ನವೆಂಬರಿನಲ್ಲಿ ಬ್ಯಾಂಕು 'ಹಾರ್ಬಿಂಜರ್' ಎಂಬ ತನ್ನ ಮೊದಲ ಹ್ಯಾಕಥಾನನ್ನೂ ಸಾರಿತು. ಪ್ರತಿಯೊಂದು ಸಮಸ್ಯೆಗೂ ಗೆದ್ದವರಿಗೆ 40 ಲಕ್ಷ ರೂಪಾಯಿ, ಎರಡನೆಯವರಿಗೆ 20 ಲಕ್ಷ. ಅಲ್ಲಿಯ ವಿಷಯ ಮನೆಸಾಲವಾಗಿರಲಿಲ್ಲ, ಹಣಪಾವತಿಯಾಗಿತ್ತು. ಮನೆಸಾಲ ಬಂದದ್ದು ಇನ್ನೊಂದು ಬಾಗಿಲಿನಿಂದ. ಆ ಬಾಗಿಲು ಕನ್ನಡನಾಡಿನಲ್ಲಿಯೇ ಇದೆ.

2022ರ ಮಾರ್ಚಿಯಲ್ಲಿ ರಿಸರ್ವ್ ಬ್ಯಾಂಕು ತನ್ನ ನಾವೀನ್ಯ ಕೇಂದ್ರವನ್ನು ಬೆಂಗಳೂರಿನಲ್ಲಿ ಆರಂಭಿಸಿತು. ಆ ಸೆಪ್ಟೆಂಬರಿನಲ್ಲಿ ರೈತರ ಕಿಸಾನ್ ಕ್ರೆಡಿಟ್ ಕಾರ್ಡ್ ಸಾಲವನ್ನು ಗಣಕದ ಮೂಲಕ ಕೊಡುವ ಪ್ರಯೋಗ ಆರಂಭವಾಗಿ, ಮುಂದೆ ಕರ್ನಾಟಕವೂ ಸೇರಿದಂತೆ ಕೆಲವು ರಾಜ್ಯಗಳ ಆಯ್ದ ಜಿಲ್ಲೆಗಳಿಗೆ ಹರಡಿತು. ಅದರ ಫಲವಾಗಿ 2023ರ ಆಗಸ್ಟ್ 17ರಂದು ವಿಸ್ತಾರವಾದ ವೇದಿಕೆಯೊಂದು ಪರೀಕ್ಷಾರ್ಥವಾಗಿ ತೆರೆಯಿತು; ಹೈನುಗಾರರ ಸಾಲ, ಸಣ್ಣ ಉದ್ಯಮಗಳ ಸಾಲಗಳೊಡನೆ ಗೃಹಸಾಲವೂ ಅದರಲ್ಲಿ ಸೇರಿತು. ಮರುವರ್ಷದ ಆಗಸ್ಟಿನಲ್ಲಿ ಆಗಿನ ಗವರ್ನರ್ ಶಕ್ತಿಕಾಂತ ದಾಸರು ಬೆಂಗಳೂರಿನಲ್ಲಿ ಅದನ್ನು 'ಯೂನಿಫೈಡ್ ಲೆಂಡಿಂಗ್ ಇಂಟರ್‌ಫೇಸ್' ಎಂದು ಹೆಸರಿಸಿದರು. ಸಾಲಗಾರನ ಒಪ್ಪಿಗೆ ಪಡೆದು, ಭೂಮಿಯ ದಾಖಲೆ ಒಂದೆಡೆಯಿಂದ, ಹಣದ ವಹಿವಾಟು ಇನ್ನೊಂದೆಡೆಯಿಂದ ಬ್ಯಾಂಕಿನ ಮೇಜಿಗೇ ಬಂದು ಸೇರುವ ಏರ್ಪಾಡು ಇದು. ಉಪಾಧ್ಯಾಯರು ಕಚೇರಿಯಿಂದ ಕಚೇರಿಗೆ ಅಲೆಯುವ ಬದಲು ಕಾಗದವೇ ತಂತಿಯ ಮೇಲೆ ನಡೆದು ಬರುತ್ತದೆ. ಪಹಣಿಯನ್ನು 'ಭೂಮಿ' ಯೋಜನೆಯ ಮೂಲಕ 2000ದ ಸುಮಾರಿಗೇ ಗಣಕಕ್ಕೆ ಏರಿಸಿದ ರಾಜ್ಯಕ್ಕೆ ಇದು ಅಪರಿಚಿತ ದಾರಿಯಲ್ಲ. ಹೊಲದ ಪಹಣಿಗಿಂತ ಊರೊಳಗಿನ ನಿವೇಶನದ ಖಾತೆ ಮಾತ್ರ ಹೆಚ್ಚು ಗೋಜಲಿನದು. ಮೂಲದಲ್ಲಿ ಹೆಸರು ತಪ್ಪಿದ್ದರೆ ಗಣಕ ಅದೇ ತಪ್ಪನ್ನು ಕ್ಷಣಾರ್ಧದಲ್ಲಿ ಸಾಗಿಸುತ್ತದೆ.

ವೇಗಕ್ಕಿಂತ ಗಹನವಾದ ಪ್ರಶ್ನೆ ನ್ಯಾಯದ್ದು. ಹಿಂದಿನ ಸಾಲಗಳ ಲೆಕ್ಕವನ್ನು ಓದಿ ಯಂತ್ರ ಬುದ್ಧಿ ಕಲಿಯುತ್ತದೆ. ಹಿಂದೆ ಹೂವಾಡಗಿತ್ತಿಯರಿಗೆ ಯಾರೂ ಸಾಲ ಕೊಟ್ಟಿಲ್ಲವಾದರೆ, ಮುಂದೆಯೂ ಕೊಡಬಾರದೆಂಬುದೇ ಅದು ಕಲಿಯುವ ಪಾಠವಾಗಬಹುದು. ಗುಮಾಸ್ತೆ ಇಲ್ಲವೆಂದರೆ ಮ್ಯಾನೇಜರರ ಬಳಿ ಹೋಗಬಹುದು. ಯಂತ್ರ ಇಲ್ಲವೆಂದರೆ ಯಾರ ಬಳಿ ಹೋಗುವುದು? ರಿಸರ್ವ್ ಬ್ಯಾಂಕು ನೇಮಿಸಿದ್ದ ಸಮಿತಿಯೊಂದು 2025ರ ಆಗಸ್ಟಿನಲ್ಲಿ ಕೃತಕ ಬುದ್ಧಿಮತ್ತೆಯ ಬಳಕೆಗೆ ಏಳು ಸೂತ್ರಗಳನ್ನು ಸೂಚಿಸಿತು. ನಿಷ್ಪಕ್ಷಪಾತ, ಹೊಣೆಗಾರಿಕೆ, ತೀರ್ಮಾನದ ಕಾರಣ ತಿಳಿಯುವಂತಿರುವುದು ಇವು ಅವುಗಳಲ್ಲಿ ಸೇರಿವೆ. ಪಂದ್ಯದ ತೀರ್ಪುಗಾರರು ಓಟದ ವೇಗಕ್ಕೆ ಎಷ್ಟು ಅಂಕವೋ ಇವುಗಳಿಗೂ ಅಷ್ಟೇ ಅಂಕ ಕೊಟ್ಟರೆ ಮಾತ್ರ ಪಂದ್ಯಕ್ಕೆ ಬೆಲೆ.

ಎಲ್ಲಕ್ಕೂ ಪಂದ್ಯವೇ ಬೇಕೆಂದೂ ಇಲ್ಲ. ಸಾಲ ತೀರಿದ ಮೇಲೂ ಮನೆಯ ಮೂಲಪತ್ರಗಳಿಗಾಗಿ ಬ್ಯಾಂಕಿಗೆ ತಿರುಗಿ ಚಪ್ಪಲಿ ಸವೆಸಿದ ನಿವೃತ್ತರು ಎಷ್ಟೋ ಮಂದಿ. 2023ರ ಸೆಪ್ಟೆಂಬರಿನಲ್ಲಿ ರಿಸರ್ವ್ ಬ್ಯಾಂಕು ಒಂದೇ ಆಜ್ಞೆ ಹೊರಡಿಸಿತು: ಸಾಲ ತೀರಿದ 30 ದಿನಗಳೊಳಗೆ ಪತ್ರಗಳನ್ನು ಮರಳಿಸಬೇಕು, ತನ್ನಿಂದಾದ ವಿಳಂಬಕ್ಕೆ ಬ್ಯಾಂಕು ದಿನಕ್ಕೆ 5,000 ರೂಪಾಯಿಯಂತೆ ತೆರಬೇಕು. ಅದೇ ವರ್ಷದ ಡಿಸೆಂಬರ್ 1ರಿಂದ ಇದು ಜಾರಿಯಲ್ಲಿದೆ. ಇದಕ್ಕೆ ಯಾವ ಯಂತ್ರವೂ ಬೇಕಾಗಲಿಲ್ಲ.

ಮತ್ತೆ ಮಾರುಕಟ್ಟೆಗೆ ಬರೋಣ. ರಿಸರ್ವ್ ಬ್ಯಾಂಕಿನ ನೋಟುಗಳು ಅಚ್ಚಾಗುವ ಮುದ್ರಣಾಲಯಗಳಲ್ಲೊಂದು ಇದೇ ಮೈಸೂರಿನಲ್ಲಿ, ಮೇಟಗಳ್ಳಿಯ ಕಡೆ, 1996ರಿಂದ ಕೆಲಸ ಮಾಡುತ್ತಿದೆ. ಹೂವಾಡಗಿತ್ತಿಯ ಬದುಕು ಸಾಗಿದ್ದು ಆ ನೋಟುಗಳಿಂದಲೇ. ನೋಟು ಕೈಯಿಂದ ಕೈಗೆ ಹೋಗುತ್ತದೆ, ಸಾಕ್ಷಿ ಹೇಳುವುದಿಲ್ಲ. ಈಗ ಅವಳ ಬುಟ್ಟಿಯ ಪಕ್ಕದಲ್ಲಿ ಕಪ್ಪು ಬಿಳುಪು ಚೌಕಗಳ ಕ್ಯೂಆರ್ ಚೀಟಿಯೊಂದು ಅಂಟಿಕೊಂಡಿದೆ. ಹತ್ತು ರೂಪಾಯಿ ಮಲ್ಲಿಗೆಗೂ ಗಿರಾಕಿ ಫೋನು ತೋರಿಸುತ್ತಾನೆ. ಪ್ರತಿಯೊಂದು ಮೊಳವೂ ಎಲ್ಲೋ ದಾಖಲಾಗುತ್ತಿದೆ. ವರ್ಷ ಎರಡು ವರ್ಷದ ಆ ದಾಖಲೆ, ಅವಳು ಒಪ್ಪಿ ತೋರಿಸಿದರೆ, ಸಂಬಳದ ಚೀಟಿಯ ಕೆಲಸವನ್ನೇ ಮಾಡಬಲ್ಲದು.

ಒಂದು ತೊಡಕುಂಟು. ಇಂಥ ಅಂಗಡಿಗಳಲ್ಲಿ ಫೋನು ಬಲ್ಲವನು ಮಗ. ಚೀಟಿ ಅಂಟಿಸುವವನೂ ಅವನೇ, ಖಾತೆಯೂ ಅವನದೇ. ಸಾಲ ಕೇಳಬೇಕಾದವಳು ತಾಯಿ. ಸಾಕ್ಷ್ಯ ಬೆಳೆಯುವುದು ಮಗನ ಹೆಸರಿನಲ್ಲಿ. ಬ್ಯಾಂಕಿಗೆ ಮತ್ತೊಮ್ಮೆ ಹೋಗುವ ಮುಂಚೆ ಆ ಚೀಟಿಯನ್ನು ಕಿತ್ತು, ಅವಳ ಖಾತೆಯ ಇನ್ನೊಂದನ್ನು ಅಂಟಿಸಬೇಕಾಗಿದೆ.