ಕೆಂಪು ಇರುವೆಯೂ ಕರಿ ಇರುವೆಯೂ

ಕೃಷ್ಣಾ ನದಿಯ ದಂಡೆಯಲ್ಲಿರುವ ಸುರಪುರ ತಾಲ್ಲೂಕಿನ ತಿಂಥಣಿಯಂತಹ ಊರುಗಳಲ್ಲಿ ಹೊಲದ ಬದುವಿನಲ್ಲಿಯೂ ಮನೆಯ ಗೋಡೆಯಂಚಿನಲ್ಲಿಯೂ ಹರಿದಾಡುವ ಸಣ್ಣ ಇರುವೆಗಳನ್ನು ಕಚ್ಚುವ ಕೆಂಪು ಇರುವೆ, ಕಚ್ಚದ ಕರಿ ಇರುವೆ ಎಂದು ಎರಡಾಗಿ ಹೇಳುವುದು ರೂಢಿ. ಕರ್ನಾಟಕದಲ್ಲಿ ವ್ಯಾಪಕವಾಗಿರುವ ಸೊಲೆನೊಪ್ಸಿಸ್ ಜೆಮಿನೇಟಾ ಎಂಬ ಕೆಂಪು ಇರುವೆಯನ್ನೂ ಪ್ಯಾರಾಟ್ರೆಕಿನಾ ಲಾಂಗಿಕಾರ್ನಿಸ್ ಎಂಬ ಕರಿ ಇರುವೆಯನ್ನೂ ಹೋಲಿಸಿ ನೋಡಿದರೆ, ಇವೆರಡರ ಅಂತರದಲ್ಲಿ ಬಣ್ಣದ ಪಾಲು ತೀರ ಅಲ್ಪವೆಂಬುದು ತಿಳಿಯುತ್ತದೆ.

ಭೂತಗನ್ನಡಿಯಲ್ಲಿ ಕೆಂಪು ಇರುವೆಯ ಸೊಂಟದಲ್ಲಿ ಎರಡು ಗಂಟುಗಳೂ ಕರಿ ಇರುವೆಯ ಸೊಂಟದಲ್ಲಿ ಒಂದೇ ಗಂಟೂ ಕಾಣುತ್ತವೆ. ಮೊದಲನೆಯದರ ಕುಡಿಮೀಸೆಗೆ 10 ಗೆಣ್ಣುಗಳಿದ್ದರೆ ಎರಡನೆಯದಕ್ಕೆ 12 ಗೆಣ್ಣುಗಳಿದ್ದು, ಅದರ ಮೊದಲ ಗೆಣ್ಣೊಂದೇ ತಲೆಗಿಂತ ಉದ್ದವಾಗಿರುತ್ತದೆ. ಕೆಂಪು ಇರುವೆ ‘ಕಚ್ಚಿತು’ ಎನ್ನುವಾಗ ನಿಜವಾಗಿ ನಡೆಯುವುದೆಂದರೆ, ಅದು ದವಡೆಯಿಂದ ಚರ್ಮವನ್ನು ಹಿಡಿದುಕೊಂಡು, ಹೊಟ್ಟೆಯನ್ನು ಬಾಗಿಸಿ, ತುದಿಯ ಕೊಂಡಿಯಿಂದ ಉರಿಯುವ ವಿಷವನ್ನು ಚುಚ್ಚುತ್ತದೆ. ಕರಿ ಇರುವೆಗೆ ಕೊಂಡಿಯೇ ಇಲ್ಲ. ಅದು ಫಾರ್ಮಿಕ್ ಆಮ್ಲವನ್ನು ಚಿಮ್ಮಿಸುತ್ತದೆ, ಇಲ್ಲವೇ ದಿಕ್ಕು ಬದಲಿಸುತ್ತ ಓಡಿ ಪಾರಾಗುತ್ತದೆ.

ಅಮೆರಿಕದ ಉಷ್ಣವಲಯದಿಂದ ಮನುಷ್ಯನ ಸಾಗಾಟದೊಡನೆ ಲೋಕವೆಲ್ಲ ಹರಡಿದ ಕೆಂಪು ಇರುವೆ ಹುಲ್ಲಿನ ಬೀಜಗಳನ್ನು ಗೂಡಿನಲ್ಲಿ ಕೂಡಿಡುತ್ತದೆ. ಅದರ ಕೆಲಸಗಾರರಲ್ಲಿ ದೊಡ್ಡ ತಲೆಯವು ಬೀಜ ಒಡೆಯುವುದಕ್ಕೆಂದೇ ಮೀಸಲು. ಕರಿ ಇರುವೆ ಹೀಗೆ ಕಣಜ ತುಂಬುವುದಿಲ್ಲವಾದರೂ, ತನ್ನ ಗಾತ್ರವನ್ನು ಎಷ್ಟೋ ಪಟ್ಟು ಮೀರಿದ ಸತ್ತ ಹುಳುವನ್ನು ಹತ್ತಾರು ಸಂಗಾತಿಗಳೊಡನೆ ಎಳೆದೊಯ್ಯುತ್ತದೆ. ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ವಿಜ್ಞಾನಿಗಳು 2015ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಗೂಡಿನ ದಾರಿ ತಿಳಿದ ಇರುವೆಯೊಂದು ಹೊಸದಾಗಿ ಬಂದು ಹೊರೆಗೆ ಕೈಹಚ್ಚಿ ಕೆಲವು ಸೆಕೆಂಡುಗಳ ಕಾಲ ದಿಕ್ಕು ತಿದ್ದುತ್ತದೆ, ಬಳಿಕ ಆ ಹೊಣೆ ಮತ್ತೊಂದಕ್ಕೆ ಸೇರುತ್ತದೆ. ಇಷ್ಟು ಚಿಕ್ಕ ಜೀವಿಯಲ್ಲಿ ಇಂತಹ ಹೊಂದಾಣಿಕೆಯಿರುವುದು ನಿಜಕ್ಕೂ ಬೆರಗಿನ ಸಂಗತಿ.

ಅದಕ್ಕಿಂತ ಸೋಜಿಗವಾದದ್ದು ಕರಿ ಇರುವೆಯ ಸಂತಾನಕ್ರಮ. ಸಾಮಾನ್ಯವಾಗಿ ಇರುವೆಗಳಲ್ಲಿ ಫಲಿತಗೊಳ್ಳದ ಮೊಟ್ಟೆಯಿಂದ ಗಂಡೂ ಫಲಿತಗೊಂಡ ಮೊಟ್ಟೆಯಿಂದ ಹೆಣ್ಣೂ ಹುಟ್ಟುತ್ತವೆ. ಆದರೆ ಕರಿ ಇರುವೆಯಲ್ಲಿ ಹೊಸ ರಾಣಿಯರು ತಾಯಿಯ ತದ್ರೂಪಗಳು, ಗಂಡುಗಳು ತಂದೆಯ ತದ್ರೂಪಗಳು, ಕೆಲಸಗಾರರು ಮಾತ್ರ ಇಬ್ಬರ ವಂಶವಾಹಿಗಳನ್ನೂ ಪಡೆದವರು ಎಂಬುದು 2011ರಲ್ಲಿ ಪ್ರಕಟವಾಯಿತು. ಹೀಗಾಗಿ ಒಂದೇ ಗೂಡಿನ ಅಣ್ಣ ತಂಗಿಯರು ಕೂಡಿದರೂ ಸಂತತಿಗೆ ರಕ್ತಸಂಬಂಧದ ದೋಷ ತಟ್ಟುವುದಿಲ್ಲ. ಸರಕಿನೊಡನೆ ದೂರದ ನಾಡಿಗೆ ಬಂದಿಳಿದ ಕೆಲವೇ ಇರುವೆಗಳಿಂದಲೂ ಹೊಸ ನೆಲೆ ಬೆಳೆಯಲು ಇದು ನೆರವಾಗಿರಬೇಕು.